ಫೆಸ್‌ನ ಹಳೇ ಅರಮನೆ-ಮನೆಯಲ್ಲಿ ಉಳಿಯುವುದು: ಆ ದುಡ್ಡಿಗೆ ಸರಿಯಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಮೊರಾಕೊಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಜೊತೆಗೆ ಅತ್ತೆ. ಕಾಸಾಬ್ಲಾಂಕಾದಲ್ಲಿ ಇಳಿದು ರೈಲಿನಲ್ಲಿ ಫೆಸ್‌ಗೆ ಹೋಗುವ ಯೋಚನೆ. ಅಲ್ಲಿ ಹಳೇ ಊರಿನೊಳಗೆ ಅರಮನೆಯಂಥ ಒಂದು ಗೆಸ್ಟ್‌ಹೌಸ್ ನೋಡಿಟ್ಟಿದ್ದೇನೆ. ನಡುವೆ ಅಂಗಳ, ಕಾರಂಜಿ, ಸುತ್ತ ಕಮಾನುಗಳು, ಗೋಡೆ ತುಂಬ ಟೈಲ್ಸ್ ಚಿತ್ತಾರ. ಬಾಡಿಗೆ ಮಾತ್ರ ಹೊಸ ಊರಿನ ಒಳ್ಳೇ ಹೋಟೆಲಿನ ಎರಡರಷ್ಟಿದೆ.

"ರಾತ್ರಿ ಮಲಗೋಕೆ ಅಷ್ಟು ದುಡ್ಡಾ?" ಅಂತ ಯಜಮಾನರ ತಕರಾರು. ಅತ್ತೆಗೆ ಮಂಡಿ ನೋವು. ಮೂರೂ ಜನ ಸಸ್ಯಾಹಾರಿಗಳು. ಇಂಥ ಮನೆಗಳಲ್ಲಿ ಉಳಿದವರಿದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಇವು ನಿಜವಾಗಲೂ ಹಳೇ ಮನೆಗಳಾ, ಅಥವಾ ಪ್ರವಾಸಿಗಳಿಗೆ ಅಂತ ಕಟ್ಟಿದ ಸೆಟ್ಟಾ?

ಹುಬ್ಬಳ್ಳಿ ಹುಡುಗ

ಅಕ್ಕಾರ, ಫೋಟೋ ನೋಡಿ ದುಡ್ಡು ಕೊಡಬೇಡಿ. ಹೊಸ ಊರಿನಲ್ಲಿ ರೂಮು ಹಿಡಿದು, ಹಗಲಲ್ಲಿ ಹಳೇ ಊರು ಸುತ್ತಿ ಬಂದರೆ ಮುಗಿಯಿತು. ಉಳಿದ ದುಡ್ಡಿಗೆ ಮರಳುಗಾಡು ನೋಡಬಹುದು.

ದೋಹಾ ಡೈರಿ

ಹುಬ್ಬಳ್ಳಿ ಅಣ್ಣಾ, ನಾನು ಇದಕ್ಕೆ ಅಡ್ಡ ಬರುತ್ತೇನೆ. ಫೆಸ್‌ನಲ್ಲೂ ಮರಾಕೆಶ್‌ನಲ್ಲೂ ಇಂಥ ಮನೆಗಳಲ್ಲಿ ಉಳಿದಿದ್ದೇನೆ. ಬರೀ ರಾತ್ರಿ ಮಲಗುವುದಕ್ಕಾದರೆ ನೀವು ಹೇಳಿದ್ದೇ ಸರಿ. ಆದರೆ ಮಧ್ಯಾಹ್ನದ ಹೊತ್ತು ಮನೆಯೊಳಗೇ ಕೂರುವ ಮನಸ್ಸಿದ್ದರೆ, ಫೆಸ್‌ನಲ್ಲಿ ನೋಡಬೇಕಾದ ಜಾಗಗಳಲ್ಲಿ ಆ ಮನೆಯೂ ಒಂದು. ಬಾಡಿಗೆಯನ್ನು ಹಾಗೆ ಲೆಕ್ಕ ಹಾಕಬೇಕು.

ಫೆಸ್‌ನ ಹಳೇ ಊರಿಗೆ ಕಾರು, ಆಟೋ ಏನೂ ಬರುವುದಿಲ್ಲ. ಟ್ಯಾಕ್ಸಿಯವನು ಬತ್ಹಾ ಚೌಕದ ಹತ್ತಿರವೋ ಇನ್ಯಾವುದೋ ಬಾಗಿಲ ಹತ್ತಿರವೋ ಇಳಿಸುತ್ತಾನೆ. ಗೆಸ್ಟ್‌ಹೌಸಿನವರು ಆಳು ಕಳಿಸಿರುತ್ತಾರೆ. ಅವನು ಪೆಟ್ಟಿಗೆಗಳನ್ನು ಕೈಗಾಡಿಗೆ ಹಾಕಿಕೊಂಡು ಮುಂದೆ ನಡೆಯುತ್ತಾನೆ, ನಾವು ಹಿಂದೆ. ಗಲ್ಲಿಗಳು ಎಷ್ಟು ಕಿರಿದು ಅಂದರೆ, ಹೊರೆ ಹೊತ್ತ ಹೇಸರಗತ್ತೆ ಎದುರಾದರೆ ಗೋಡೆಗೆ ಒತ್ತಿ ನಿಂತುಕೊಳ್ಳಬೇಕು. ಎರಡೂ ಕಡೆ ಎತ್ತರದ ಬೋಳು ಗೋಡೆ. ಕಿಟಕಿ ಇದ್ದರೂ ಮೇಲೆಲ್ಲೋ ಸಣ್ಣದೊಂದು. ಇದರ ಹಿಂದೆ ಅರಮನೆ ಇದೆ ಅಂತ ಯಾರಿಗೂ ಅನಿಸುವುದಿಲ್ಲ.

ಆಳೆತ್ತರದ ಮರದ ಬಾಗಿಲು. ಅದರೊಳಗೆ ಕತ್ತರಿಸಿ ಮಾಡಿದ ಚಿಕ್ಕ ಬಾಗಿಲು. ಬಗ್ಗಿ ಒಳಗೆ ಹೋದರೆ ಕತ್ತಲೆ ಓಣಿ. ಅದು ನೇರ ಒಳಕ್ಕೆ ಹೋಗುವುದಿಲ್ಲ, ತಿರುಗುತ್ತದೆ. ಬೀದಿಯಲ್ಲಿ ಹೋಗುವವರ ಕಣ್ಣು ಮನೆಯೊಳಗೆ ಬೀಳಬಾರದು ಅಂತ ಬೇಕೆಂದೇ ಹಾಗೆ ಕಟ್ಟಿದ್ದಾರೆ. ತಿರುವು ದಾಟಿದ ಕೂಡಲೇ ಅಂಗಳ. ತಲೆಯ ಮೇಲೆ ಆಕಾಶ, ಸುತ್ತ ಎರಡು-ಮೂರು ಅಂತಸ್ತಿನ ಕಮಾನುಗಳು. ನಮ್ಮ ತೊಟ್ಟಿ ಮನೆಯನ್ನು ಮೂರು ಪಟ್ಟು ಎತ್ತರಕ್ಕೆ ಎಳೆದು, ಒಂದು ಅಂಗೈಯಷ್ಟು ಜಾಗವನ್ನೂ ಬಿಡದೆ ಚಿತ್ತಾರ ತುಂಬಿದರೆ ಹೇಗಿರುತ್ತದೋ ಹಾಗೆ.

ಗೋಡೆ ನೋಡುವುದಕ್ಕೆ ಒಂದು ಕ್ರಮ ಇದೆ. ಕೆಳಗಡೆ, ಎದೆಯ ಎತ್ತರದವರೆಗೆ, ಝೆಲ್ಲಿಜ್ ಟೈಲ್ಸ್. ಅದರ ಮೇಲೆ ಕೆತ್ತಿದ ಜಿಪ್ಸಂ ಗಾರೆ. ಎಲ್ಲಕ್ಕೂ ಮೇಲೆ, ಸೂರಿನ ಹತ್ತಿರ, ದೇವದಾರು ಮರದ ಕೆತ್ತನೆ. ನೀರು, ಕೈ, ಮೈ ತಾಗುವ ಕಡೆ ಗಟ್ಟಿ ಟೈಲ್ಸ್, ಏನೂ ತಾಗದ ಕಡೆ ನಾಜೂಕಾದ ಗಾರೆ. ಮೊದಲ ದಿನ ಎಲ್ಲ ಒಂದೇ ಗಿಜಿಗಿಜಿ ಅನ್ನಿಸುತ್ತದೆ. ಮಾರನೇ ದಿನ ಚಹಾ ಹಿಡಿದು ಕೂತು ನೋಡಿದರೆ ಒಂದೊಂದೇ ಬಿಡಿಸಿಕೊಳ್ಳುತ್ತದೆ.

ಇನ್ನು ರೂಮು. ಎಲ್ಲ ರೂಮಿನ ಕಿಟಕಿಗಳೂ ಅಂಗಳಕ್ಕೇ ತೆರೆದುಕೊಳ್ಳುತ್ತವೆ. ಕೆಳಗಿನ ರೂಮುಗಳು ದೊಡ್ಡವು, ಚಾವಣಿ ಎತ್ತರ, ಚಿತ್ತಾರವೂ ಜಾಸ್ತಿ. ಆದರೆ ಬೆಳಕು ಕಡಿಮೆ. ಅಂಗಳದಲ್ಲಿ ಯಾರೋ ಚಮಚ ಬೀಳಿಸಿದರೂ ಹಾಸಿಗೆಯಲ್ಲಿ ಕೇಳಿಸುತ್ತದೆ. ಮೇಲಿನ ರೂಮುಗಳಲ್ಲಿ ಬೆಳಕು, ಗಾಳಿ ಚೆನ್ನ. ಆದರೆ ಮೆಟ್ಟಿಲು ಹತ್ತಬೇಕು. ಫೆಸ್‌ನ ಹಳೇ ಮನೆಗಳ ಮೆಟ್ಟಿಲು ಅಂದರೆ ಸಾಮಾನ್ಯ ಅಲ್ಲ. ಒಂದೊಂದೂ ಮೊಣಕಾಲೆತ್ತರ, ಕಡಿದಾದ ತಿರುವು. ನಿಮ್ಮ ಅತ್ತೆಯವರಿಗೆ ಕೆಳಗಿನ ರೂಮೇ ಆಗಬೇಕು.

ತುಂಗಾತೀರ

ದೋಹಾ ಅವರೇ, ತುಂಬಾ ಥ್ಯಾಂಕ್ಸ್. ಲಿಫ್ಟ್ ಇರೋದೇ ಇಲ್ವಾ? ಮತ್ತೆ ಟ್ಯಾಕ್ಸಿ ನಿಲ್ಲುವ ಜಾಗದಿಂದ ಎಷ್ಟು ನಡೆಯಬೇಕಾಗುತ್ತದೆ?

ದೋಹಾ ಡೈರಿ

ಹಳೇ ಮನೆಗೆ ಲಿಫ್ಟ್ ಕೂರಿಸಬೇಕು ಅಂದರೆ ಗೋಡೆ ಒಡೆಯಬೇಕು. ದೊಡ್ಡ ಅರಮನೆಗಳನ್ನು ಹೋಟೆಲ್ ಮಾಡಿದ ಒಂದೆರಡು ಕಡೆ ಹಾಕಿದ್ದಾರೆ, ಚಿಕ್ಕ ಮನೆಗಳಲ್ಲಿ ಕಾಣೆ. ನಡಿಗೆ ಮನೆಯಿಂದ ಮನೆಗೆ ಬದಲಾಗುತ್ತದೆ. ಫೆಸ್ ಇರುವುದು ಬೋಗುಣಿಯಾಕಾರದ ಕಣಿವೆಯಲ್ಲಿ. ಅಂಚಿನಿಂದ ನಡುವಿಗೆ ಬರೀ ಇಳಿಜಾರು, ವಾಪಸ್ ಬರುವಾಗ ಬರೀ ಏರು. ಅತ್ತೆಯವರು ಬರುತ್ತಾರೆ ಅಂದಮೇಲೆ ಬತ್ಹಾ, ಆಯ್ನ್ ಝ್ಲಿಟೆನ್, ರ್ಸೀಫ್ ಚೌಕ ಈ ಮೂರರಲ್ಲಿ ಒಂದರ ಪಕ್ಕದಲ್ಲೇ ಇರುವ ಮನೆ ಹುಡುಕಿ. ನಕ್ಷೆಯಲ್ಲಿ "ಹತ್ತಿರ" ಅಂತ ಕಂಡರೆ ಸಾಲದು. ವಾಹನ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ನಿಮಿಷ, ದಾರಿಯಲ್ಲಿ ಮೆಟ್ಟಿಲಿದೆಯಾ ಅಂತ ಅವರನ್ನೇ ಬರೆದು ಕೇಳಿ.

ಬಸವನಗುಡಿ ಬೆಂಚು

ಸೆಟ್ಟಾ ಅಂತ ಕೇಳಿದ್ದೀರಲ್ಲ, ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ. ಉದ್ದ ಆದರೆ ಬೈಕೊಳ್ಳಬೇಡಿ.

ಮೂರಿಶ್ ಅಂತ ಕರೆಯುವ ಈ ಶೈಲಿ ಬೆಳೆದದ್ದು ಸ್ಪೇನಿನ ದಕ್ಷಿಣ ಭಾಗ ಮತ್ತು ಮೊರಾಕೊ ಎರಡನ್ನೂ ಕೂಡಿಸಿಕೊಂಡು. 818ರಲ್ಲಿ ಸ್ಪೇನಿನ ಕಾರ್ಡೊಬಾದಲ್ಲಿ ದಂಗೆ ಆಗಿ ಸಾವಿರಾರು ಕುಟುಂಬಗಳನ್ನು ಊರಿಂದ ಓಡಿಸಿದರು. ಅವರಲ್ಲಿ ಬಹಳ ಜನ ಬಂದು ನೆಲೆಸಿದ್ದು ಫೆಸ್‌ನಲ್ಲಿ. ನದಿಯ ಆ ದಡವನ್ನು ಇವತ್ತಿಗೂ ಆಂದಲೂಸಿಯದವರ ಕೇರಿ ಅಂತಲೇ ಕರೆಯುತ್ತಾರೆ. ಈ ದಡಕ್ಕೆ ಟುನೀಶಿಯದ ಕೈರವಾನ್‌ನಿಂದ ಬಂದವರು. 859ರಲ್ಲಿ ಕರಾವಿಯ್ಯೀನ್ ಮಸೀದಿ ಕಟ್ಟಿಸಿದಳು ಅಂತ ಹೇಳುವ ಫಾತಿಮಾ ಅಲ್-ಫಿಹ್ರಿ ಅದೇ ಕೈರವಾನ್ ಕಡೆಯ ಮನೆತನದವಳು. 1492ರಲ್ಲಿ ಗ್ರನಾಡಾ ಬಿದ್ದಾಗ ಅಲ್ಲಿನ ಕೊನೆಯ ಸುಲ್ತಾನ ಬೋಅಬ್ದಿಲ್ ಕೂಡ ಕಡೆಗೆ ಬಂದು ಸೇರಿದ್ದು ಫೆಸ್‌ಗೇ. ಜನ ಬಂದಾಗೆಲ್ಲ ಅವರ ಜೊತೆ ಕುಶಲಕರ್ಮಿಗಳೂ ಬಂದರು. ಸ್ಪೇನಿನಲ್ಲಿ ನಿಂತುಹೋದ ಕೆಲಸ ಇಲ್ಲಿ ಮುಂದುವರಿಯಿತು. ಗ್ರನಾಡಾದ ಅಲ್ಹಾಂಬ್ರಾ ಅರಮನೆಯಲ್ಲಿ ಹಗ್ಗದ ಆಚೆ ನಿಂತು ನೋಡುವ ಗೋಡೆಗೆ ಫೆಸ್‌ನಲ್ಲಿ ಬೆನ್ನು ಕೊಟ್ಟು ಕೂರಬಹುದು, ಅಷ್ಟೇ ವ್ಯತ್ಯಾಸ.

ಆದರೆ ಈಗ ಗೆಸ್ಟ್‌ಹೌಸ್ ಆಗಿರುವ ಮನೆಗಳು ಅಷ್ಟು ಹಳೆಯವಲ್ಲ. ಅರಮನೆ ಅಂತ ಕರೆಸಿಕೊಳ್ಳುವವು ಹೆಚ್ಚಾಗಿ 19ನೇ ಶತಮಾನದ ಮಂತ್ರಿಗಳು, ವ್ಯಾಪಾರಸ್ಥರು ಕಟ್ಟಿಸಿದವು. ಆ ಮಂತ್ರಿಗಳ ಕಥೆಗಳೋ, ಕೇಳುವುದೇ ಬೇಡ. ಫೆಸ್‌ನಲ್ಲಿ ಜಮಾಯಿ ಅರಮನೆ ಅಂತ ಇದೆ, ಆಮೇಲೆ ಹೋಟೆಲ್ ಆಯಿತು. ಅದನ್ನು ಕಟ್ಟಿಸಿದ ಜಮಾಯಿ ಮನೆತನದವರು ಸುಲ್ತಾನ ಮೊದಲನೇ ಹಸನ್‌ನ ಆಸ್ಥಾನದಲ್ಲಿ ಮೆರೆದವರು. 1894ರಲ್ಲಿ ಸುಲ್ತಾನ ತೀರಿಕೊಂಡ. ಅಧಿಕಾರ ಆಸ್ಥಾನದ ಇನ್ನೊಬ್ಬ ಪ್ರಬಲ ಬಾ ಅಹ್ಮದ್ ಕೈಗೆ ಹೋಯಿತು. ಜಮಾಯಿ ಸಹೋದರರು ಜೈಲಿಗೆ, ಆಸ್ತಿ ಮುಟ್ಟುಗೋಲು. ಅದೇ ಬಾ ಅಹ್ಮದ್ ಮರಾಕೆಶ್‌ನಲ್ಲಿ ಅಪ್ಪ ಶುರು ಮಾಡಿದ್ದ ಬಾಹಿಯಾ ಅರಮನೆಯನ್ನು ದೊಡ್ಡದಾಗಿ ಬೆಳೆಸಿದ. 1900ರಲ್ಲಿ ಅವನೂ ಸತ್ತ. ಯುವಕ ಸುಲ್ತಾನ ಅಬ್ದುಲ್ ಅಜೀಜ್‌ನ ಕಡೆಯವರು ಬಂದು ಬಾಹಿಯಾದಲ್ಲಿದ್ದ ಬೆಲೆಬಾಳುವ ಸಾಮಾನನ್ನೆಲ್ಲ ಹೊತ್ತೊಯ್ದರು. ಬಾಹಿಯಾಗೆ ಹೋದರೆ ಇವತ್ತಿಗೂ ನೋಡಲು ಸಿಗುವುದು ಗೋಡೆ, ನೆಲ, ಚಾವಣಿ ಮಾತ್ರ. ಪೀಠೋಪಕರಣ ಒಂದೂ ಇಲ್ಲ.

1912ರಲ್ಲಿ ಫ್ರೆಂಚರು ಬಂದರು. ರಾಜಧಾನಿ ಫೆಸ್‌ನಿಂದ ರಬಾತ್‌ಗೆ ಹೋಯಿತು. ದುಡ್ಡಿದ್ದವರು ನಿಧಾನವಾಗಿ ಕಾಸಾಬ್ಲಾಂಕಾ, ರಬಾತ್, ಹೊಸ ಬಡಾವಣೆ ಅಂತ ಹೊರಟರು. ಖಾಲಿಯಾದ ದೊಡ್ಡ ಮನೆಗಳಿಗೆ ಹಳ್ಳಿಗಳಿಂದ ಬಂದವರು ಬಾಡಿಗೆಗೆ ಸೇರಿದರು. ಒಂದೊಂದು ರೂಮಿಗೆ ಒಂದೊಂದು ಸಂಸಾರ. ರಿಪೇರಿ ಮಾಡಿಸುವವರು ಯಾರೂ ಇಲ್ಲ. 1981ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹೊತ್ತಿಗೆ ಎಷ್ಟೋ ಮನೆಗಳು ಕುಸಿಯುವ ಹಂತಕ್ಕೆ ಬಂದಿದ್ದವು. ಈಗಲೂ ಗಲ್ಲಿಗಳಲ್ಲಿ ಎದುರುಬದುರು ಗೋಡೆಗಳ ನಡುವೆ ಮರದ ತೊಲೆ ಕೊಟ್ಟು ನಿಲ್ಲಿಸಿರುವುದನ್ನು ನೋಡುತ್ತೀರಿ. ಗೆಸ್ಟ್‌ಹೌಸ್‌ಗಳು ಶುರುವಾಗಿದ್ದು ಇದಾದ ಮೇಲೆ. ಹಾಗಾಗಿ ಮನೆ ನಿಜ, ಹಳೆಯದೂ ನಿಜ. ಒಳಗಿನ ಕೆಲಸದಲ್ಲಿ ಹಳೆಯದೆಷ್ಟು ಹೊಸದೆಷ್ಟು ಅನ್ನುವುದು ಬೇರೆ ಪ್ರಶ್ನೆ.

ಗುಮ್ಮಟನಗರಿ

ಬಸವನಗುಡಿ ಸರ್, ನಮ್ಮ ವಿಜಯಪುರದ ಕಟ್ಟಡಗಳಿಗೂ ಇದಕ್ಕೂ ಏನಾದರೂ ನಂಟಿದೆಯಾ? ಮೂರಿಶ್ ಅಂದರೆ ಮುಸ್ಲಿಂ ವಾಸ್ತುಶಿಲ್ಪ ತಾನೆ?

ಬಸವನಗುಡಿ ಬೆಂಚು

ದೂರದ ನಂಟು ಅಷ್ಟೇ. ಆದಿಲ್‌ಶಾಹಿಗಳ ಕಣ್ಣು ಇದ್ದದ್ದು ಇರಾನ್ ಕಡೆಗೆ, ಜೊತೆಗೆ ದಖ್ಖನಿನ ಕಲ್ಲುಕುಟಿಗರ ಕೈ. ಇಬ್ರಾಹಿಂ ರೋಜಾ ನೋಡಿ, ಕೆತ್ತಿದ್ದೆಲ್ಲ ಕಲ್ಲಿನಲ್ಲಿ. ಬರಹವನ್ನು ಕಿಟಕಿಯ ಜಾಲರಿಯನ್ನಾಗಿ ಮಾಡಿ ಹೊರಗೆ ನಿಂತವರಿಗೂ ಕಾಣುವಂತೆ ಇಟ್ಟಿದ್ದಾರೆ. ಗೋಲ್ ಗುಂಬಜ್ ಅಂತೂ ಮೈಲಿಗಟ್ಟಲೆ ದೂರದಿಂದ ಕಾಣಿಸಲಿ ಅಂತಲೇ ಎದ್ದು ನಿಂತಿದೆ. ಫೆಸ್‌ನ ಮನೆ ಇದಕ್ಕೆ ಪೂರ್ತಿ ಉಲ್ಟಾ. ಗುಮ್ಮಟ ಇಲ್ಲ, ಹೊರಗೆ ತೋರಿಕೆ ಇಲ್ಲ, ಕಲ್ಲಿನ ಕೆತ್ತನೆಯೂ ಅಪರೂಪ. ಅಲ್ಲಿಯ ಕಸುಬು ಮಣ್ಣು, ಜಿಪ್ಸಂ, ಮರ. ಕಮಾನು ಕೂಡ ಬೇರೆ. ನಮ್ಮದು ತುದಿ ಚೂಪು. ಅವರದು ಕುದುರೆ ಲಾಳದ ಹಾಗೆ, ಕೆಳಗೆ ಬಂದು ಮತ್ತೆ ಒಳಕ್ಕೆ ಬಾಗುತ್ತದೆ.

ಗಾರೆ ಕೆಲಸ

ನಾನು ಹಳೇ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವವನು, ಸುಣ್ಣದ ಗಾರೆ ನನ್ನ ಹುಚ್ಚು. ಹಳೆಯದೆಷ್ಟು ಹೊಸದೆಷ್ಟು ಅನ್ನುವ ಪ್ರಶ್ನೆಗೆ ಮೊದಲು ಒಂದು ಮಾತು. ಹೊಸದು ಅಂದ ಮಾತ್ರಕ್ಕೆ ನಕಲಿ ಅಲ್ಲ. ಫೆಸ್‌ನಲ್ಲಿ ಈ ಕಸುಬು ಸತ್ತಿಲ್ಲ. ಅಲ್ಲಿಯ ಮಾಲೆಂ, ಅಂದರೆ ಮೇಸ್ತ್ರಿ, ಇವತ್ತಿಗೂ ಅಜ್ಜ ಮಾಡಿದ ಹಾಗೇ ಮಾಡುತ್ತಾನೆ.

ಝೆಲ್ಲಿಜ್ ಅಂದರೆ ಚಿತ್ರ ಬರೆದ ಟೈಲ್ಸ್ ಅಲ್ಲ. ಫೆಸ್‌ನ ಮಣ್ಣಿನಿಂದ ಚೌಕ ಬಿಲ್ಲೆ ಮಾಡಿ ಸುಡುತ್ತಾರೆ. ಒಂದು ಬಿಲ್ಲೆಗೆ ಒಂದೇ ಬಣ್ಣದ ಮೆರುಗು ಹಾಕಿ ಮತ್ತೆ ಸುಡುತ್ತಾರೆ. ಕುಂಬಾರರ ಭಟ್ಟಿಗಳು ಈಗ ಊರಾಚೆ ಆಯ್ನ್ ನೊಕ್ಬಿಯಲ್ಲಿವೆ. ಎಣ್ಣೆ ತೆಗೆದ ಮೇಲೆ ಉಳಿಯುವ ಆಲಿವ್ ಬೀಜದ ಚರಟವೇ ಅಲ್ಲಿ ಹಿಂದಿನಿಂದ ಬಂದ ಸೌದೆ. ಆಮೇಲೆ ಮೆರುಗಿನ ಮೇಲೆ ಆಕಾರ ಗೀಚಿಕೊಂಡು, ಭಾರದ ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ನಕ್ಷತ್ರ, ಪಟ್ಟಿ, ಬಾದಾಮಿ, ಆರುಮೂಲೆ ಅಂತ ಚೂರುಗಳನ್ನು ಬಿಡಿಸುತ್ತಾರೆ. ಕೂಲಿಯವನು ನೆಲದಲ್ಲಿ ಕೂತು ಒಂದೊಂದೇ ಚೂರು ಕತ್ತರಿಸುವುದನ್ನು ನೋಡಬೇಕು. ಪ್ರತಿ ಚೂರಿನ ಹಿಂಬದಿ ಅಂಚನ್ನು ಒಳಕ್ಕೆ ಓರೆಯಾಗಿ ಕೆತ್ತುತ್ತಾನೆ. ಮೇಲ್ಮುಖದಲ್ಲಿ ಕೂದಲೆಳೆಯಷ್ಟೂ ಸಂದು ಇಲ್ಲದಂತೆ ಚೂರುಗಳು ಕೂಡಿಕೊಳ್ಳುವುದು ಅದರಿಂದಲೇ. ಜೋಡಿಸುವಾಗ ಬಣ್ಣದ ಮುಖ ಕೆಳಗೆ. ಅಂದರೆ ಜೋಡಿಸುವವನಿಗೆ ಕಾಣುವುದು ಬರೀ ಮಣ್ಣಿನ ಬೆನ್ನು. ಯಾವ ಚೂರು ಯಾವ ಬಣ್ಣ ಅಂತ ಅವನ ತಲೆಯಲ್ಲೇ ಇರಬೇಕು. ಹಿಂದಿನಿಂದ ಗಾರೆ ಸುರಿದು, ಒಣಗಿದ ಮೇಲೆ ಹಲಗೆ ಎತ್ತಿ ಗೋಡೆಗೆ ನಿಲ್ಲಿಸುತ್ತಾರೆ.

ಕೈಕೆಲಸವಾ ಕಾರ್ಖಾನೆಯದಾ ಅಂತ ತಿಳಿಯಬೇಕಾದರೆ ಹತ್ತಿರ ಹೋಗಿ ಬಗ್ಗಿ ನೋಡಿ. ಎರಡು ನಕ್ಷತ್ರಗಳ ಮೂಲೆಗಳು ಒಂದೇ ಅಳತೆಗೆ ಇರುವುದಿಲ್ಲ. ಅಂಚಿನಲ್ಲಿ ಮೆರುಗು ಅಲ್ಲಲ್ಲಿ ಚಕ್ಕೆ ಎದ್ದು ಕೆಂಪು-ಹಳದಿ ಮಣ್ಣು ಇಣುಕುತ್ತದೆ. ಹಸಿರು ಅಂದರೆ ಒಂದೇ ಹಸಿರಲ್ಲ, ಪಕ್ಕಪಕ್ಕದ ಚೂರುಗಳಲ್ಲೇ ದಟ್ಟ ತೆಳು ಇರುತ್ತದೆ. ಓರೆ ಬೆಳಕಿನಲ್ಲಿ ಗೋಡೆ ಸಣ್ಣಗೆ ಅಲೆ ಎದ್ದಂತೆ ಕಾಣುತ್ತದೆ. ಎಲ್ಲ ಸಪಾಟಾಗಿ, ಚೌಕಾಕಾರದ ಗೆರೆ ಕಾಣುವಂತೆ ಇದ್ದರೆ ಅದು ಅಚ್ಚು ಹಾಕಿದ ಟೈಲ್ಸ್.

ಬಚ್ಚಲು ಮನೆಯಲ್ಲಿ ಇನ್ನೊಂದು ಸಿಗುತ್ತದೆ, ತದೆಲಾಕ್ತ್. ಇದು ಮರಾಕೆಶ್ ಸೀಮೆಯ ಸುಣ್ಣದ ಗಾರೆ. ಹಸಿ ಇರುವಾಗಲೇ ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ, ಮೇಲೆ ಆಲಿವ್ ಎಣ್ಣೆಯ ಕಪ್ಪು ಸಾಬೂನು ಬಳಿಯುತ್ತಾರೆ. ಸಾಬೂನು ಸುಣ್ಣದ ಜೊತೆ ಸೇರಿ ನೀರಿಗೆ ಕರಗದ ಪದರ ಆಗುತ್ತದೆ. ಟೈಲ್ಸ್ ಇಲ್ಲದೆ ನೀರು ತಡೆಯುವ ಗೋಡೆ! ಹಮಾಮುಗಳಲ್ಲಿ, ಅಂದರೆ ಸ್ನಾನದ ಮನೆಗಳಲ್ಲಿ, ನೀರಿನ ತೊಟ್ಟಿಗಳಲ್ಲಿ ಮೊದಲಿಂದ ಇದನ್ನೇ ಬಳಸುತ್ತಿದ್ದರು. ಮುಟ್ಟಿದರೆ ತಣ್ಣಗೆ, ಮೆತ್ತಗೆ ಅನ್ನಿಸುತ್ತದೆ, ಒಂದು ಮೂಲೆಯೂ ಚೂಪಾಗಿರುವುದಿಲ್ಲ. ದಯವಿಟ್ಟು ಅದಕ್ಕೆ ಸೂಟ್‌ಕೇಸ್ ಗುದ್ದಬೇಡಿ. ಒಂದು ಕಡೆ ಗೀರಾದರೆ ತೇಪೆ ಹಾಕುವುದು ಬಹಳ ಕಷ್ಟ.

ಹುಬ್ಬಳ್ಳಿ ಹುಡುಗ

ಗಾರೆ ಸರ್, ನೀವು ಹೇಳಿದ ಮೇಲೆ ನನಗೂ ನೋಡೋ ಆಸೆ ಬಂತು. ಆದರೂ ಅದನ್ನು ನೋಡೋಕೆ ಅಲ್ಲೇ ಮಲಗಬೇಕಾ? ಟಿಕೆಟ್ ಕೊಟ್ಟು ನೋಡೋ ಜಾಗ ಇರುತ್ತಲ್ಲ.

ಗಾರೆ ಕೆಲಸ

ಇದೆ. ಅವಕ್ಕೆ ಹೋಗಲೇಬೇಕು ಕೂಡ. ಅತ್ತಾರೀನ್ ಮದರಸಾ 1325ರ ಹೊತ್ತಿಗೆ ಮುಗಿದದ್ದು, ಬೂ ಇನಾನಿಯಾ 1350ರ ದಶಕದ್ದು. ಎರಡೂ ಆಗ ಮೊರಾಕೊ ಆಳುತ್ತಿದ್ದ ಮರೀನಿ ಸುಲ್ತಾನರ ಕಾಲದವು. ಈ ಕೆಲಸ ಅದಕ್ಕಿಂತ ಚೆನ್ನಾಗಿ ಎಲ್ಲೂ ಸಿಗುವುದಿಲ್ಲ. ಫೆಸ್‌ನ ಮಸೀದಿಗಳೊಳಗೆ ಮುಸ್ಲಿಮೇತರರನ್ನು ಬಿಡುವುದಿಲ್ಲ, ಹಾಗಾಗಿ ನಮ್ಮಂಥವರಿಗೆ ಮದರಸಾಗಳೇ ಗತಿ. ಆದರೆ ಅಲ್ಲಿ ಗುಂಪಿನ ಜೊತೆ ಒಳಗೆ ಹೋಗಿ ಗುಂಪಿನ ಜೊತೆ ಹೊರಗೆ ಬರುತ್ತೀರಿ. ಬೆಳಿಗ್ಗೆ ಕಾಣದ ಕೆತ್ತನೆ ಸಂಜೆ ಓರೆ ಬಿಸಿಲಿಗೆ ಎದ್ದು ಬರುತ್ತದೆ. ಅದನ್ನು ನೋಡಬೇಕಾದರೆ ಒಂದೇ ಜಾಗದಲ್ಲಿ ದಿನವಿಡೀ ಇರಬೇಕು.

ಕಡಲ ಕಾಗೆ

ಮಾರಾಯ್ರೆ, ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಉಪ್ಪು ಹಾಕುತ್ತೇನೆ. ನಾವು ಮರಾಕೆಶ್‌ನಲ್ಲಿ ಒಂದು ಕಡೆ "ಅರಮನೆ ಸೂಟ್" ಅಂತ ಬುಕ್ ಮಾಡಿ ದುಡ್ಡು ಕಟ್ಟಿದ್ದೆವು. ಹೋದ ಮೇಲೆ ಗೊತ್ತಾಯಿತು, ಫೋಟೋದಲ್ಲಿದ್ದ ಅಂಗಳ ಮುಖ್ಯ ಮನೆಯದ್ದು, ನಮಗೆ ಕೊಟ್ಟದ್ದು ಎರಡು ಗಲ್ಲಿ ಆಚೆ ಇನ್ನೊಂದು ಮನೆಯಲ್ಲಿ. ಅಲ್ಲಿ ಕಾರಂಜಿ ಇರಲಿ, ಅಂಗಳಕ್ಕೆ ಫೈಬರ್ ಶೀಟ್ ಮುಚ್ಚಿದ್ದರು. ಕೇಳಿದರೆ "ಎರಡೂ ನಮ್ಮದೇ, ತಿಂಡಿ ಇಲ್ಲಿಗೆ ಬಂದು ತಿನ್ನಿ" ಅಂದರು. ಜಗಳ ಮಾಡಿ ಒಂದು ರಾತ್ರಿಗೆ ಮಾತ್ರ ಮುಖ್ಯ ಮನೆಗೆ ಬದಲಾಯಿಸಿಕೊಂಡದ್ದು. ಅದೊಂದು ರಾತ್ರಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮತ್ತೆ ಚಳಿ! ಯಾರೂ ಹೇಳಲಿಲ್ಲವಲ್ಲ. ಜನವರಿಯಲ್ಲಿ ಆ ಮನೆಗಳು ಐಸ್ ಪೆಟ್ಟಿಗೆ. ಬೇಸಿಗೆಯಲ್ಲಿ ತಂಪಾಗಿರಲಿ ಅಂತ ಕಟ್ಟಿದ್ದು. ದಪ್ಪ ಗೋಡೆ, ನೆಲಕ್ಕೂ ಟೈಲ್ಸ್, ಮೇಲೆ ಆಕಾಶ. ರೂಮಿನಿಂದ ರೂಮಿಗೆ ಹೋಗಲಿಕ್ಕೂ ಅಂಗಳಕ್ಕೆ ಬರಬೇಕು. ಹೀಟರ್ ಇದೆಯಾ ಅಂತ ಮೊದಲೇ ಕೇಳಿ.

ದೋಹಾ ಡೈರಿ

ಕಾಗೆ ಅವರು ಹೇಳಿದ್ದು ಸರಿ. ರೂಮಿನ ಹೆಸರು ಹಾಕಿ, "ಫೋಟೋದಲ್ಲಿರುವ ಅಂಗಳ ಇರುವ ಕಟ್ಟಡದಲ್ಲೇ ಈ ರೂಮು ಇದೆಯಾ" ಅಂತ ಬರಹದಲ್ಲೇ ಉತ್ತರ ತೆಗೆದುಕೊಳ್ಳಬೇಕು. ಇನ್ನೊಂದು ವಿಷಯ, ಹೆಸರಿನಲ್ಲಿ ರಿಯಾದ್ (ಒಳಗೆ ತೋಟ ಇರುವ ಮನೆ) ಅಂತ ಇದ್ದ ಮಾತ್ರಕ್ಕೆ ಒಳಗೆ ತೋಟ ಇರುತ್ತದೆ ಅಂದುಕೊಳ್ಳಬೇಡಿ. ಫೆಸ್‌ನಲ್ಲಿ ಜಾಸ್ತಿ ಇರುವುದು ಬರೀ ಅಂಗಳದ ಮನೆಗಳು. ಕಿತ್ತಳೆ ಗಿಡ, ನಾಲ್ಕು ಪಾತಿಯ ತೋಟ ಬೇಕೇ ಬೇಕು ಅಂದರೆ ಫೋಟೋದಲ್ಲಿ ಹುಡುಕಿ.

ಅಕ್ಟೋಬರ್‌ಗೆ ಚಳಿಯ ಚಿಂತೆ ಇಲ್ಲ. ಸಂಜೆಗೆ ಒಂದು ಸ್ವೆಟರ್ ಸಾಕು. ಜುಲೈ, ಆಗಸ್ಟ್‌ನಲ್ಲಿ ಹೋದವರಿಗೆ ಆ ದಪ್ಪ ಗೋಡೆಯ ಬೆಲೆ ಗೊತ್ತಾಗುತ್ತದೆ. ಹೊರಗೆ ಗಲ್ಲಿಯಲ್ಲಿ ಬೆವರು ಸುರಿಯುತ್ತಿರುತ್ತದೆ, ಒಳಗೆ ಬಂದರೆ ಎಸಿ ಇಲ್ಲದೆ ತಂಪು. ಬಿಸಿ ಗಾಳಿ ಮೇಲಿನ ತೆರವಿನಿಂದ ಹೊರಟುಹೋಗುತ್ತದೆ. ಕಾರಂಜಿಯ ನೀರು ಆವಿಯಾಗುತ್ತಾ ಅಂಗಳವನ್ನು ತಂಪಾಗಿಡುತ್ತದೆ. ಹಿಂದೆ ಫೆಸ್ ನದಿಯಿಂದ ಕಾಲುವೆ ತೆಗೆದು ಮನೆಮನೆಗೂ ನೀರು ಹಾಯಿಸಿದ್ದರು. ಈಗ ಮೋಟಾರು. ಕೆಲವರು ಅತಿಥಿಗಳು ಬಂದಾಗ ಮಾತ್ರ ಸ್ವಿಚ್ ಹಾಕುತ್ತಾರೆ.

ನೀರ್‌ದೋಸೆ ಪ್ರಿಯ

ಎಲ್ಲ ಸರಿ. ಆದರೆ ಬಾಡಿಗೆಗಿದ್ದ ಬಡ ಸಂಸಾರಗಳನ್ನು ಎಬ್ಬಿಸಿ, ಯೂರೋಪಿನವರು ಕೊಂಡು, ನಮ್ಮಂಥವರು ಹೋಗಿ ಸುಲ್ತಾನರ ಹಾಗೆ ಒರಗಿಕೊಳ್ಳುವುದು ಯಾಕೋ ಸರಿ ಕಾಣುವುದಿಲ್ಲ ನನಗೆ. ಮರಾಕೆಶ್‌ನಲ್ಲಿ ಹಳೇ ಊರಿನ ಮನೆಗಳ ಬೆಲೆ ಸ್ಥಳೀಯರ ಕೈಗೆ ಸಿಗದ ಹಾಗೆ ಏರಿದೆ. ಕೆಲವು ಗಲ್ಲಿಗಳಲ್ಲಿ ಎಲ್ಲ ಬಾಗಿಲೂ ಗೆಸ್ಟ್‌ಹೌಸೇ.

ಗಾರೆ ಕೆಲಸ

ನಿಮ್ಮ ಮಾತನ್ನು ತಳ್ಳಿಹಾಕಲ್ಲ. ಆದರೆ ಇನ್ನೊಂದು ಮುಖವೂ ಇದೆ. ಝೆಲ್ಲಿಜ್ ಗೋಡೆ ಮಾಡಿಸುವಷ್ಟು ದುಡ್ಡು ಇರುವುದು ಹೆಚ್ಚಾಗಿ ಮೂರು ಕಡೆ: ಸರ್ಕಾರ ಮತ್ತು ಅರಮನೆ, ಮಸೀದಿ, ಆಮೇಲೆ ಈ ಹೋಟೆಲ್‌ಗಳು. ಮರಾಕೆಶ್‌ನಲ್ಲಿ ರಾಜ ಆರನೇ ಮೊಹಮ್ಮದ್ ಮುತುವರ್ಜಿಯಿಂದ ಕಟ್ಟಿದ ರಾಯಲ್ ಮನ್ಸೂರ್ ಹೋಟೆಲ್ 2010ರಲ್ಲಿ ಶುರುವಾಯಿತು. 53 ರಿಯಾದ್‌ಗಳು, ಪೂರ್ತಿ ಹೊಸ ಕಟ್ಟಡ. ಅಲ್ಲಿ ಉಳಿಯುವ ಯೋಗ್ಯತೆ ನನ್ನ ಸಂಬಳಕ್ಕಿಲ್ಲ, ಆದರೆ ದೇಶದ ಮೂಲೆಮೂಲೆಯ ಮೇಸ್ತ್ರಿಗಳಿಗೆ ಅದು ಕೆಲಸ ಕೊಟ್ಟಿತು. ಕೆಲಸ ಇದ್ದರೆ ಮಾತ್ರ ಮೇಸ್ತ್ರಿಯ ಮಗ ಸುತ್ತಿಗೆ ಹಿಡಿಯುತ್ತಾನೆ. ನಮ್ಮಲ್ಲಿ ಸುಣ್ಣದ ಗಾರೆ ಗೊತ್ತಿದ್ದ ಮನೆತನಗಳು ಸಿಮೆಂಟ್ ಬಂದ ಮೇಲೆ ಏನಾದವು ಅಂತ ನಾನು ದಿನಾ ನೋಡುತ್ತಿದ್ದೇನೆ.

ನೀರ್‌ದೋಸೆ ಪ್ರಿಯ

ಮೇಸ್ತ್ರಿಗೆ ಕೆಲಸ ಸಿಕ್ಕಿತು, ಒಪ್ಪಿದೆ. ಎಬ್ಬಿಸಿದ ಸಂಸಾರಕ್ಕೆ ಏನು ಸಿಕ್ಕಿತು?

ಬಸವನಗುಡಿ ಬೆಂಚು

ಇದಕ್ಕೆ ಇಲ್ಲಿ ಕೂತು ತೀರ್ಪು ಕೊಡಲಾಗದು. ನನ್ನ ಮಟ್ಟಿಗೆ, ಅದೇ ಊರಿನ ಮನೆತನದವರೇ ನಡೆಸುತ್ತಿರುವ ಮನೆ ಹುಡುಕುತ್ತೇನೆ. ಫೆಸ್‌ನಲ್ಲಿ ಇಂಥವು ಇವೆ. ಅಜ್ಜನ ಮನೆಯನ್ನೇ ಮೊಮ್ಮಕ್ಕಳು ನಡೆಸುತ್ತಾರೆ. ಒಂದೆರಡು ನಲ್ಲಿ ಸೋರಬಹುದು, ಆದರೆ ಸಾಯಂಕಾಲ ಮನೆಯ ಯಜಮಾನರೇ ಬಂದು ಎದುರು ಕೂತು ಮಾತಾಡುತ್ತಾರೆ. ಯಾವ ರೂಮಿನಲ್ಲಿ ಯಾರ ಮದುವೆ ಆಯಿತು ಅಂತ ಗೈಡ್ ಹೇಳುವುದಕ್ಕೂ ಅವರು ಹೇಳುವುದಕ್ಕೂ ವ್ಯತ್ಯಾಸ ಇದೆ.

ತುಂಗಾತೀರ

ನಮಗೂ ಅದೇ ಇಷ್ಟ. ಈಗ ಊಟದ ವಿಷಯ ಯಾರಾದರೂ ಹೇಳಿ. ಅತ್ತೆ ಆಗಲೇ ಅವಲಕ್ಕಿ, ಚಟ್ನಿಪುಡಿ ಕಟ್ಟಿಡೋಕೆ ಶುರು ಮಾಡಿದ್ದಾರೆ.

ಮಿರ್ಚಿ ಮಂಡಕ್ಕಿ

ಕಟ್ಟಲಿ ಬಿಡಿ ಮೇಡಂ, ಬೇಕಾಗುತ್ತದೆ. ಆದರೆ ಬೆಳಗಿನ ತಿಂಡಿಗೆ ಅದರ ಅಗತ್ಯ ಇಲ್ಲ. ಮ್ಸೆಮೆನ್ ಅಂತ ಹಿಟ್ಟನ್ನು ತೆಳ್ಳಗೆ ಹರಡಿ, ಚೌಕವಾಗಿ ಮಡಚಿ ಕಾವಲಿಯ ಮೇಲೆ ಬೇಯಿಸುತ್ತಾರೆ, ಪದರ ಪದರ ಬಿಡುತ್ತದೆ. ಬಘ್ರೀರ್ ಅಂತ ಇನ್ನೊಂದು, ರವೆಯ ಹಿಟ್ಟಿನದ್ದು, ಮೇಲ್ಗಡೆ ತುಂಬ ತೂತು. ಎರಡಕ್ಕೂ ಜೇನು, ಬೆಣ್ಣೆ. ಜೊತೆಗೆ ಖೊಬ್ಜ್ ರೊಟ್ಟಿ, ಆಲಿವ್, ಕಿತ್ತಳೆ ರಸ. ಪುದೀನ ಚಹಾ ಸಕ್ಕರೆ ಪಾಕದ ಹಾಗಿರುತ್ತದೆ, ಕಡಿಮೆ ಹಾಕಿ ಅಂತ ಮೊದಲೇ ಹೇಳಿ.

ಮಧ್ಯಾಹ್ನ, ರಾತ್ರಿಯದ್ದೇ ತಲೆನೋವು. ಹರೀರಾ ಸೂಪಿನಲ್ಲಿ ಬೇಳೆ, ಕಡಲೆ ಕಾಣುತ್ತದೆ ಅಂತ ನಂಬಬೇಡಿ, ಮಾಂಸ ಹಾಕುವುದು ರೂಢಿ. ಏಳು ತರಕಾರಿಯ ಕುಸ್‌ಕುಸ್ (ಬೇಯಿಸಿದ ರವೆ) ಅಂತ ಹೆಸರಿದ್ದರೂ ತರಕಾರಿಯನ್ನು ಮಾಂಸದ ಸಾರಿನಲ್ಲೇ ಬೇಯಿಸಿರುತ್ತಾರೆ. "ಮಾಂಸ ತಿನ್ನಲ್ಲ" ಅಂದರೆ ತುಂಡು ತೆಗೆದು ಬಡಿಸುತ್ತಾರೆ. ಅವರ ಪ್ರಕಾರ ಅದು ಮರ್ಯಾದೆಯೇ. ಅದಕ್ಕೇ ಗೆಸ್ಟ್‌ಹೌಸ್‌ನಲ್ಲಿ ಉಳಿಯುವುದು ಲಾಭ. ಅಲ್ಲಿ ಅಡುಗೆಯ ಹೆಂಗಸರು ಬೆಳಿಗ್ಗೆ ಪೇಟೆಗೆ ಹೋಗಿ ತಂದು, ನಿಮಗೆ ಅಂತಲೇ ಬೇರೆ ಮಾಡಿಕೊಡುತ್ತಾರೆ. ಹಿಂದಿನ ದಿನವೇ "ಸಾರು ಕೂಡ ತರಕಾರಿಯದ್ದೇ ಆಗಬೇಕು" ಅಂತ ಬಿಡಿಸಿ ಹೇಳಿ. ಝಾಲೂಕ್ ಕೇಳಿ, ಬದನೆ ಟೊಮೇಟೊ ಬೆಳ್ಳುಳ್ಳಿ ಜೀರಿಗೆ ಹಾಕಿ ಕಿವುಚಿದ್ದು. ತಕ್ತೂಕಾ ಅಂದರೆ ಸುಟ್ಟ ದಪ್ಪ ಮೆಣಸಿನಕಾಯಿಯದ್ದು. ಹೊರಗಡೆಯಾದರೆ ಬಿಸ್ಸಾರಾ ಅಂಗಡಿ ಹುಡುಕಿ. ಒಣ ಅವರೆ ಜಾತಿಯ ಕಾಳಿನ ಗಟ್ಟಿ ಸೂಪು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಬೆಳಿಗ್ಗೆ ಹೊತ್ತು ಫೆಸ್‌ನ ಕೂಲಿಯವರ ಹೊಟ್ಟೆ ತುಂಬಿಸುವುದು ಅದೇ. ಶುಕ್ರವಾರ ಹಳೇ ಊರಿನಲ್ಲಿ ಬಹಳ ಅಂಗಡಿ ಮುಚ್ಚಿರುತ್ತವೆ, ಅವತ್ತು ಮನೆಯಲ್ಲೇ ಊಟ ಹೇಳಿ.

ಕಡಲ ಕಾಗೆ

ಮಂಡಿ ನೋವಿನವರಿಗೆ ಇನ್ನೊಂದು ದಾರಿ ಇದೆ. ಸ್ಪೇನ್ ಕಡೆಗೂ ಹೋಗುವುದಿದ್ದರೆ ಗ್ರನಾಡಾದಲ್ಲಿ ಅಲ್ಹಾಂಬ್ರಾ ಆವರಣದೊಳಗೇ ಸರ್ಕಾರಿ ಪರಾದೋರ್ ಹೋಟೆಲ್ ಇದೆ. ಗ್ರನಾಡಾ ಆಳಿದ ನಸ್ರಿ ಸುಲ್ತಾನರ ಕಾಲದ ಅರಮನೆ ಇದ್ದ ಜಾಗದಲ್ಲಿ 1492ರ ನಂತರ ಕ್ರೈಸ್ತ ಸನ್ಯಾಸಿಗಳ ಮಠ ಕಟ್ಟಿದರು. ರಾಣಿ ಇಸಬೆಲ್ಲಾಳನ್ನು ಮೊದಲು ಹೂಳಿದ್ದು ಅಲ್ಲೇ, 1521ರಲ್ಲಿ ಕೆಳಗಿನ ಚರ್ಚಿಗೆ ಸಾಗಿಸಿದರು. ಬಾಗಿಲವರೆಗೂ ಕಾರು ಬರುತ್ತದೆ.

ಬಸವನಗುಡಿ ಬೆಂಚು

ಅಲ್ಲಿ ಉಳಿದಿರುವ ಮೂರಿಶ್ ಭಾಗ ಬಹಳ ಕಡಿಮೆ. ಒಂದು ಚಿಕ್ಕ ಮಂಟಪದಷ್ಟು. ರೂಮುಗಳು ಮಠದ ರೂಮುಗಳೇ. ಜಾಗಕ್ಕೆ ದುಡ್ಡು ಕೊಡುತ್ತೀರಿ, ಗೋಡೆಗಲ್ಲ. ಅತ್ತೆಯವರಿಗೆ ಅನುಕೂಲ ಅನ್ನುವುದು ನಿಜ.

ತುಂಗಾತೀರ

ಎಲ್ಲರ ಮಾತನ್ನೂ ಯಜಮಾನರಿಗೆ ಓದಿ ಹೇಳಿದೆ. ಗಾರೆ ಸರ್ ಬರೆದ "ಬಣ್ಣದ ಮುಖ ಕೆಳಗೆ" ಅನ್ನುವುದಕ್ಕೆ ಅವರು ಮೆತ್ತಗಾದರು, ಇಂಜಿನಿಯರು ಅಲ್ವಾ. ನಾನು ನೋಡಿಟ್ಟಿದ್ದ ಮನೆಗೆ ಪತ್ರ ಬರೆದೆ. ರ್ಸೀಫ್‌ನಿಂದ ನಾಲ್ಕು ನಿಮಿಷ, ದಾರಿಯಲ್ಲಿ ಮೆಟ್ಟಿಲಿಲ್ಲ, ಕೆಳಗಿನ ರೂಮು ಮುಖ್ಯ ಅಂಗಳಕ್ಕೇ ಇದೆ ಅಂತ ಉತ್ತರ ಬಂತು. ರಾತ್ರಿ ಹತ್ತರ ಮೇಲೆ ಅಂಗಳದಲ್ಲಿ ಊಟ ಬಡಿಸುವುದಿಲ್ಲವಂತೆ. ರೂಮಿನೊಳಗೆ ಹೋಗುವಾಗ ಮಾತ್ರ ಒಂದು ಎತ್ತರದ ಹೊಸ್ತಿಲು ಇದೆಯಂತೆ, ಫೋಟೋ ಕಳಿಸಿದ್ದಾರೆ. ಅತ್ತೆ ನೋಡಿ "ಇದೇನು ಮಹಾ" ಅಂದರು. ಅವರಿಗಂತ ಕೆಳಗಿನದು, ನಮಗೆ ಮೇಲೊಂದು. ಹೊಸ ಊರಿನಲ್ಲಿ ಒಂದೆರಡು ರಾತ್ರಿ ಕಡಿಮೆ ಮಾಡಿ ಇದಕ್ಕೆ ಹಾಕುತ್ತಿದ್ದೇವೆ.

ದೋಹಾ ಡೈರಿ

ಒಳ್ಳೇದಾಯಿತು. ಪ್ರವಾಸಿ ತೆರಿಗೆ ತಲೆಗಿಷ್ಟು, ರಾತ್ರಿಗಿಷ್ಟು ಅಂತ ಬೇರೆ ಇರುತ್ತದೆ. ಬುಕ್ಕಿಂಗ್ ಮೊತ್ತದಲ್ಲಿ ಅದು ಸೇರಿರಲಿಕ್ಕಿಲ್ಲ, ಹೊರಡುವಾಗ ನಗದು ಕೇಳುತ್ತಾರೆ. ಕೈಗಾಡಿಯವನಿಗೆ 20 ದಿರ್ಹಮ್‌ನಷ್ಟು ಚಿಲ್ಲರೆ ಇಟ್ಟುಕೊಳ್ಳಿ. ಮೊರಾಕೊ ದುಡ್ಡನ್ನು ಇಲ್ಲಿಂದ ತೆಗೆದುಕೊಂಡು ಹೋಗುವ ತಾಪತ್ರಯ ಬೇಡ, ವಿಮಾನ ನಿಲ್ದಾಣದಲ್ಲೇ ಬದಲಾಯಿಸಿ. ಗಲ್ಲಿಯಲ್ಲಿ "ನಿಮ್ಮ ಹೋಟೆಲ್ ಮುಚ್ಚಿದೆ, ನನ್ನ ಜೊತೆ ಬನ್ನಿ" ಅನ್ನುವ ಹುಡುಗರು ಸಿಗುತ್ತಾರೆ, ನಕ್ಕು ಮುಂದೆ ಹೋಗಿ.

ಗಾರೆ ಕೆಲಸ

ಬಚ್ಚಲಿನ ಗೋಡೆ ತದೆಲಾಕ್ತ್ ಆಗಿದ್ದರೆ ಬೆಳಕು ಓರೆಯಾಗಿ ಬೀಳುವ ಹಾಗೆ ಹತ್ತಿರದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕಿ ಮೇಡಂ. ಯಜಮಾನರಿಗೆ ಹೇಳಿದರೆ ತೆಗೆದುಕೊಡುತ್ತಾರೆ.